ಜರ್ಮನಿಯಲ್ಲಿ ಮನೆ-ಮಗು ನಿಮ್ಮ ಪಾಲಿಗೆ ಬಂದಾಗ: ಮೊದಲ ಆರು ತಿಂಗಳ ಕೆಲಸಗಳು

ಬೆಂಗಳೂರಿನಿಂದ ಮ್ಯೂನಿಕ್, ಬರ್ಲಿನ್, ಫ್ರಾಂಕ್‌ಫರ್ಟ್ ಕಡೆಗೆ ಹೊರಡುವ ಎಷ್ಟೋ ಕುಟುಂಬಗಳಲ್ಲಿ ಒಬ್ಬರ ಕೈಯಲ್ಲಿ ಬ್ಲೂ ಕಾರ್ಡ್ (ಉನ್ನತ ಶಿಕ್ಷಣ ಪಡೆದ ವಿದೇಶಿ ನೌಕರರ ನಿವಾಸ ಪರವಾನಗಿ), ಇನ್ನೊಬ್ಬರ ಕೈಯಲ್ಲಿ ಮಗು. ಕೆಲಸಕ್ಕೆ ಹೋಗುವವರ ಕಾಗದಪತ್ರ ಕಂಪನಿಯ ಎಚ್‌ಆರ್ ಕಡೆಯಿಂದ ಹೇಗೋ ನಡೆದುಹೋಗುತ್ತದೆ. ಮನೆಯಲ್ಲಿರುವವರದ್ದನ್ನು ಕೇಳುವವರಿಲ್ಲ. ಮಗು ನೋಡಿಕೊಳ್ಳುವವರಿಗೆ ಈ ದೇಶದಲ್ಲಿ ದುಡ್ಡು, ವಿಮೆ, ಪಿಂಚಣಿಯ ಲೆಕ್ಕ, ಹಾಸಿಗೆ ಹಿಡಿದರೆ ಮನೆಗೆಲಸಕ್ಕೆ ಆಳು, ಎಲ್ಲವೂ ಉಂಟು. ಆದರೆ ಅರ್ಜಿ ಹಾಕಿದವರಿಗೆ ಮಾತ್ರ, ಅದೂ ಗಡುವಿನೊಳಗೆ. ಆದ್ದರಿಂದ ಯಾವುದನ್ನು ಯಾವುದರ ನಂತರ ಮಾಡಬೇಕು ಎಂಬುದು ಇಲ್ಲಿ ಬಹಳ ಮುಖ್ಯ.

ಹೊರಡುವ ಮುಂಚೆ

ಮಗುವಿನ ಲಸಿಕೆ ದಾಖಲೆಯನ್ನು ಮೊದಲು ಸರಿಮಾಡಿಸಿ. ತಾಯಿ ಕಾರ್ಡಿನಲ್ಲಿ ಕೈಬರಹದಲ್ಲಿ ಗೀಚಿದ ತಾರೀಖುಗಳನ್ನು ಜರ್ಮನ್ ಡಾಕ್ಟರು ಓದಲಾರರು. ನಿಮ್ಮ ಮಕ್ಕಳ ಡಾಕ್ಟರ ಲೆಟರ್‌ಹೆಡ್‌ನಲ್ಲಿ ಪ್ರತಿ ಲಸಿಕೆಯ ಹೆಸರು, ಕೊಟ್ಟ ತಾರೀಖು, ಬ್ಯಾಚ್ ಸಂಖ್ಯೆ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ, ಸಹಿ ಮತ್ತು ಮೊಹರು ಹಾಕಿಸಿಕೊಳ್ಳಿ. ಜರ್ಮನಿಯಲ್ಲಿ 2020ರ ಮಾರ್ಚ್ 1ರಿಂದ ದಡಾರ ಲಸಿಕೆಯ ಕಾನೂನು ಇದೆ: 1 ವರ್ಷ ತುಂಬಿದ ಮಗುವಿಗೆ ಒಂದು ಡೋಸ್, 2 ವರ್ಷ ತುಂಬಿದ ಮೇಲೆ ಎರಡು ಡೋಸ್ ಆಗಿದೆಯೆಂದು ತೋರಿಸದಿದ್ದರೆ ಶಿಶುವಿಹಾರದವರು ಸೇರಿಸಿಕೊಳ್ಳುವುದಿಲ್ಲ. ನಮ್ಮ ಸರಕಾರಿ ಕಾರ್ಯಕ್ರಮದಲ್ಲಿ ಕೊಡುವ ಎಂಆರ್ ಲಸಿಕೆಯಲ್ಲಿ ದಡಾರ ಮತ್ತು ರುಬೆಲ್ಲಾ ಇವೆ, ಮಂಗನಬಾವು ಇಲ್ಲ. ಹಾಗಾಗಿ ಅಲ್ಲಿನ ಡಾಕ್ಟರು ಈ ಮೂರೂ ಸೇರಿದ ಎಂಎಂಆರ್ ಲಸಿಕೆ ಕೊಡೋಣ ಎಂದರೆ ಗಾಬರಿ ಬೇಡ. ಕ್ಷಯದ ಬಿಸಿಜಿ ಲಸಿಕೆ ಅಲ್ಲಿ ವಾಡಿಕೆಯಲ್ಲಿಲ್ಲ. ತೋಳಿನ ಕಲೆ ನೋಡಿ ಏನಿದು ಎಂದು ಕೇಳಿದರೆ ಬಿಸಿಜಿಯದ್ದು ಎಂದು ಹೇಳಿದರೆ ಸಾಕು.

ಎರಡನೆಯದು ಹೆಸರು. ಗಂಡನ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು ಸರ್‌ನೇಮ್, ಹೆಂಡತಿಯದ್ದರಲ್ಲಿ ಅಪ್ಪನ ಹೆಸರು, ಮಗುವಿನದ್ದರಲ್ಲಿ ಗಂಡನ ಮೊದಲ ಹೆಸರು: ನಮ್ಮಲ್ಲಿ ಇದು ಮಾಮೂಲು, ಅಲ್ಲಿ ಪ್ರತಿ ಕಚೇರಿಯಲ್ಲೂ ಪ್ರಶ್ನೆ. ಹೆಸರು ಬದಲಾಯಿಸಲು ಹೋಗಬೇಡಿ. ಮದುವೆ ಪ್ರಮಾಣಪತ್ರ ಮತ್ತು ಮಗುವಿನ ಜನನ ಪ್ರಮಾಣಪತ್ರದಲ್ಲಿ ಅಪ್ಪ-ಅಮ್ಮನ ಹೆಸರು ಪಾಸ್‌ಪೋರ್ಟಿನ ಅಕ್ಷರಕ್ಕೆ ಅಕ್ಷರ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ತಿದ್ದುಪಡಿಯನ್ನು ಇಲ್ಲಿಯೇ ಮಾಡಿಸಿ. ಜರ್ಮನ್ ಅನುವಾದ ಕೇಳಿದರೆ ಅಲ್ಲಿನ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿದ ಅನುವಾದಕರದ್ದೇ ಆಗಬೇಕು.

ಸೂಟ್‌ಕೇಸಿನ ವಿಷಯ. ಐರೋಪ್ಯ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ. ಅಜ್ಜಿ ಕಾಯಿಸಿದ ತುಪ್ಪ, ಧಾರವಾಡ ಪೇಡ, ಬೆಳಗಾವಿ ಕುಂದಾ ಮೂರೂ ಕಸ್ಟಮ್ಸ್‌ನವರ ಪಾಲು. ಹಸಿ ಕರಿಬೇವು, ಮಾವಿನಹಣ್ಣು, ತರಕಾರಿ, ಬಿತ್ತನೆ ಬೀಜಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಆ ಪತ್ರವಿಲ್ಲದೆ ಬಿಡುವ ಹಣ್ಣು ಐದೇ: ತೆಂಗಿನಕಾಯಿ, ಬಾಳೆ, ಅನಾನಸ್, ಖರ್ಜೂರ, ಡುರಿಯನ್. ಹುಳಿಪುಡಿ, ಮೆಂತ್ಯ, ಅವಲಕ್ಕಿ, ರಾಗಿಹಿಟ್ಟಿಗೆ ಅಡ್ಡಿಯಿಲ್ಲ, ಆದರೆ ಇವೆಲ್ಲ ದೊಡ್ಡ ಊರುಗಳ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತವೆ. ಆ ಭಾರವನ್ನು ಮಿಕ್ಸಿಗೆ ಕೊಡಿ.

ಮೊದಲ 14 ದಿನ

ಮನೆ ಸೇರಿದ 14 ದಿನಗಳೊಳಗೆ ಬ್ಯುರ್ಗರ್‌ಆಮ್ಟ್ ಎಂಬ ನಗರ ಕಚೇರಿಯಲ್ಲಿ ವಿಳಾಸ ನೋಂದಣಿ, ಅಂದರೆ ಆನ್‌ಮೆಲ್ಡುಂಗ್ ಆಗಬೇಕು. ಕುಟುಂಬದವರೆಲ್ಲರ ಪಾಸ್‌ಪೋರ್ಟ್, ಮದುವೆ ಮತ್ತು ಜನನ ಪ್ರಮಾಣಪತ್ರ ಒಯ್ಯಿರಿ. ಜೊತೆಗೆ ಮನೆ ಮಾಲೀಕರು ಸಹಿ ಮಾಡಿದ ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್ ಬೇಕು, ಅಂದರೆ ‘ಇವರು ಈ ಮನೆಗೆ ಬಂದಿದ್ದಾರೆ’ ಎಂಬ ಒಂದು ಪುಟದ ಪತ್ರ. ಬಾಡಿಗೆ ಕರಾರು ತೋರಿಸಿದರೆ ಒಪ್ಪುವುದಿಲ್ಲ. ಕೆಲಸಕ್ಕೆ ಹೋಗುವವರು ಮೊದಲೇ ಬಂದು ನೋಂದಾಯಿಸಿಕೊಂಡಿದ್ದರೆ, ನಿಮ್ಮ ಮತ್ತು ಮಗುವಿನ ಹೆಸರು ಸೇರಿಸಿ ಹೊಸ ಪತ್ರ ಬರೆಸಿಕೊಳ್ಳಬೇಕು. ಎಡವುವುದು ಇಲ್ಲೇ ಹೆಚ್ಚು. ದೊಡ್ಡ ಊರುಗಳಲ್ಲಿ 14 ದಿನದೊಳಗೆ ಅಪಾಯಿಂಟ್‌ಮೆಂಟೇ ಸಿಗದಿರಬಹುದು. ವಿಮಾನ ಹತ್ತುವ ಮುಂಚೆಯೇ ಆನ್‌ಲೈನ್‌ನಲ್ಲಿ ಬುಕ್ ಮಾಡಿಡಿ.

ಅದೇ ದಿನ ಇನ್ನೊಂದು ಕೆಲಸ: ಅಂಚೆಪೆಟ್ಟಿಗೆಯ ಮೇಲೆ ಮತ್ತು ಕಾಲಿಂಗ್ ಬೆಲ್ ಪಕ್ಕ ಮನೆಯಲ್ಲಿರುವ ಪ್ರತಿ ಸರ್‌ನೇಮ್ ಬರೆದು ಅಂಟಿಸಿ. ಜರ್ಮನಿಯ ಅಪಾರ್ಟ್‌ಮೆಂಟುಗಳ ವಿಳಾಸದಲ್ಲಿ ಫ್ಲ್ಯಾಟ್ ನಂಬರ್ ಸಾಮಾನ್ಯವಾಗಿ ಇರುವುದಿಲ್ಲ. ಅಂಚೆಯವರು ಹೆಸರು ನೋಡಿಯೇ ಹಾಕುವುದು. ಗಂಡನ ಹೆಸರೊಂದೇ ಇದ್ದರೆ ಹೆಂಡತಿಯ ವಿಮಾ ಕಾರ್ಡ್, ಮಗುವಿನ ತೆರಿಗೆ ಸಂಖ್ಯೆ ಎರಡೂ ವಾಪಸ್ ಹೋಗುತ್ತವೆ. ನಮ್ಮಂತೆ ಮೂರು ಜನರಿಗೆ ಮೂರು ಸರ್‌ನೇಮ್ ಇರುವ ಮನೆಗಳಲ್ಲಿ ಕಾಗದ ಕಳೆಯುವುದಕ್ಕೆ ದೊಡ್ಡ ಕಾರಣ ಇದೇ.

ನೋಂದಣಿಯಾದ ಕೆಲವು ವಾರಗಳಲ್ಲಿ 11 ಅಂಕಿಯ ತೆರಿಗೆ ಸಂಖ್ಯೆ ಪ್ರತಿಯೊಬ್ಬರಿಗೂ, ಕೂಸಿಗೂ ಸಹ, ಅಂಚೆಯಲ್ಲಿ ಬರುತ್ತದೆ. ಮುಂದಿನ ಅರ್ಧ ಅರ್ಜಿಗಳು ಇದರ ಮೇಲೆ ನಿಂತಿವೆ. ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕದ ಪತ್ರವೂ ಬರುತ್ತದೆ. ಟಿವಿ ಇಲ್ಲ ಎಂದರೂ ಕಟ್ಟಲೇಬೇಕು, ಆದರೆ ಮನೆಗೊಂದೇ. ಗಂಡ ಕಟ್ಟುತ್ತಿದ್ದರೆ ಆ ಸಂಖ್ಯೆ ಬರೆದು ನಿಮ್ಮದನ್ನು ರದ್ದು ಮಾಡಿಸಿ. ಕಚೇರಿ-ನ್ಯಾಯಾಲಯಗಳು ಅಧಿಕೃತ ನೋಟಿಸು ಕಳಿಸುವ ಹಳದಿ ಲಕೋಟೆ ಬಂದರೆ ಎಸೆಯಬೇಡಿ. ಅದರ ಮೇಲೆ ಅಂಚೆಯವರು ಬರೆದ ತಾರೀಖಿನಿಂದಲೇ ಗಡುವು ಶುರು, ನೀವು ತೆರೆದ ದಿನದಿಂದಲ್ಲ. ಲಕೋಟೆಯನ್ನೂ ಪತ್ರದ ಜೊತೆ ಫೈಲಿಗೆ ಹಾಕಿ.

ವೀಸಾ ಮುಗಿಯುವ ಮುಂಚೆ ವಿದೇಶಿಯರ ಕಚೇರಿಗೆ ನಿವಾಸ ಪರವಾನಗಿಯ ಅರ್ಜಿ ಹೋಗಿರಬೇಕು. ಅಪಾಯಿಂಟ್‌ಮೆಂಟ್ ತಡವಾಗಿ ಸಿಕ್ಕರೂ ಪರವಾಗಿಲ್ಲ, ಅರ್ಜಿ ತಡವಾಗಬಾರದು. ಮಧ್ಯದ ಅವಧಿಗೆ ಫಿಕ್ಸಿಯೋನ್ಸ್‌ಬೆಶೈನಿಗುಂಗ್ ಎಂಬ ತಾತ್ಕಾಲಿಕ ಪತ್ರ ಕೇಳಿ ಪಡೆಯಿರಿ. ಫೋಟೊ 2025ರ ಮೇ ತಿಂಗಳಿಂದ ಡಿಜಿಟಲ್ ರೂಪದಲ್ಲೇ ಆಗಬೇಕು. ಜಯನಗರದ ಸ್ಟುಡಿಯೋದಲ್ಲಿ ತೆಗೆಸಿದ ಕಾಗದದ ಫೋಟೊ ಅಲ್ಲಿ ನಡೆಯದು. ಕಾರ್ಡ್ ಕೈಗೆ ಬಂದ ಕೂಡಲೇ ‘ಎರ್‌ವೆರ್ಬ್ಸ್‌ಟೇಟಿಗ್‌ಕೈಟ್ ಎರ್‌ಲಾಬ್ಟ್’ ಎಂದಿದೆಯೇ ನೋಡಿ. ಕೆಲಸ ಮಾಡಲು ಅನುಮತಿ ಇದೆ ಎಂದರ್ಥ. ಈಗ ಕೆಲಸಕ್ಕೆ ಹೋಗುವ ಯೋಚನೆ ಇಲ್ಲದಿದ್ದರೂ ಆ ಸಾಲು ಇರಬೇಕು, ಮುಂದೆ ಬರುವ ಹಣಕಾಸಿನ ಸೌಲಭ್ಯಗಳಿಗೂ ಅದನ್ನು ನೋಡುತ್ತಾರೆ.

ನಿಮ್ಮ ಹೆಸರಿನಲ್ಲಿ ಇರಬೇಕಾದವು

ಆರೋಗ್ಯ ವಿಮೆ. ಕೆಲಸಕ್ಕೆ ಹೋಗುವವರು ಕ್ರಾಂಕೆನ್‌ಕಾಸೆ ಎಂಬ ಸಾರ್ವಜನಿಕ ಆರೋಗ್ಯ ವಿಮೆಯಲ್ಲಿದ್ದರೆ ಆದಾಯವಿಲ್ಲದ ಸಂಗಾತಿಗೂ ಮಕ್ಕಳಿಗೂ ಕುಟುಂಬ ವಿಮೆ ಪುಕ್ಕಟೆ. ಖಾಸಗಿ ವಿಮೆಯಲ್ಲಿ ತಲೆಗೊಂದು ಕಂತು. ಎಳೆಯ ವಯಸ್ಸಿನ ಒಬ್ಬರಿಗೆ ಖಾಸಗಿ ಅಗ್ಗವಾಗಿ ಕಂಡರೂ ಸಂಸಾರ ಬರುವುದಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ, ಒಮ್ಮೆ ಹೋದರೆ ಹಿಂತಿರುಗುವುದೂ ಕಷ್ಟ. ಈ ನಿರ್ಧಾರ ನೀವು ಬರುವ ಮುಂಚೆಯೇ ಆಗಿಬಿಟ್ಟಿರುತ್ತದೆ, ಆದ್ದರಿಂದ ಫೋನಿನಲ್ಲೇ ಮಾತಾಡಿಕೊಳ್ಳಿ. ಇನ್ನೊಂದು: ಬೆಂಗಳೂರಿನಲ್ಲಿ ನಿಮ್ಮ ಹೆಸರಿನ ಫ್ಲ್ಯಾಟ್ ಇದ್ದರೆ ಅದರ ಬಾಡಿಗೆಯೂ ನಿಮ್ಮ ಆದಾಯವೇ. 2026ರಲ್ಲಿ ಕುಟುಂಬ ವಿಮೆಯ ಆದಾಯ ಮಿತಿ ತಿಂಗಳಿಗೆ 565 ಯೂರೋ. ವಿಮೆಯವರು ಆಗಾಗ ಕಳಿಸುವ ಪ್ರಶ್ನಾವಳಿಯಲ್ಲಿ ಇದನ್ನು ಮುಚ್ಚಿಟ್ಟು ಮುಂದೆ ಗೊತ್ತಾದರೆ ಹಿಂದಿನ ತಿಂಗಳುಗಳ ಕಂತನ್ನೂ ವಸೂಲಿ ಮಾಡುತ್ತಾರೆ.

ಬ್ಯಾಂಕ್ ಖಾತೆ. ಜಂಟಿ ಖಾತೆ ಇರಲಿ, ನಿಮ್ಮದೇ ಒಂದು ಬೇರೆಯೂ ಇರಲಿ. ಆದಾಯವಿಲ್ಲ ಎಂದು ಬ್ಯಾಂಕಿನವರು ಹಿಂದೇಟು ಹಾಕಿದರೆ ‘ಬಾಸಿಸ್‌ಕೊಂಟೊ’ ಕೇಳಿ. ಕಾನೂನುಬದ್ಧವಾಗಿ ವಾಸಿಸುವ ಯಾರಿಗೂ ಈ ಮೂಲ ಖಾತೆಯ ಹಕ್ಕಿದೆ.

ಆ ಖಾತೆಗೆ ಮೊದಲು ಬರಬೇಕಾದ ದುಡ್ಡು ಕಿಂಡರ್‌ಗೆಲ್ಡ್, ಅಂದರೆ ಸರಕಾರ ಕೊಡುವ ಮಕ್ಕಳ ಭತ್ಯೆ: 2026ರಲ್ಲಿ ಮಗುವೊಂದಕ್ಕೆ ತಿಂಗಳಿಗೆ 259 ಯೂರೋ. ಅಪ್ಪ-ಅಮ್ಮಂದಿರಲ್ಲಿ ಯಾರಾದರೊಬ್ಬರು ಇದನ್ನು ಕೊಡುವ ಫಮೀಲಿಯೆನ್‌ಕಾಸೆ ಎಂಬ ಕಚೇರಿಗೆ ಅರ್ಜಿ ಹಾಕಬಹುದು. ನಿಮ್ಮ ಹೆಸರಿನಲ್ಲೇ ಹಾಕಿ. ನಿಮ್ಮ ಮತ್ತು ಮಗುವಿನ ತೆರಿಗೆ ಸಂಖ್ಯೆ, ನಿವಾಸ ಕಾರ್ಡ್, ಜನನ ಪ್ರಮಾಣಪತ್ರ ಬೇಕು. ಎಷ್ಟು ತಡಮಾಡಿದರೂ ಹಿಂದಿನ ಆರು ತಿಂಗಳದ್ದು ಮಾತ್ರ ಕೊಡುತ್ತಾರೆ. ಕೂಸಿಗೆ ಇನ್ನೂ 14 ತಿಂಗಳಾಗಿಲ್ಲದಿದ್ದರೆ ಕೂಸು ನೋಡಿಕೊಳ್ಳುವ ಅಪ್ಪ-ಅಮ್ಮಂದಿರಿಗೆ ಕೊಡುವ ಎಲ್ಟರ್ನ್‌ಗೆಲ್ಡ್‌ಗೂ ಅರ್ಜಿ ಹಾಕಿ. ಮುಂಚೆ ಸಂಬಳ ಇರದವರಿಗೂ ಕನಿಷ್ಠ ತಿಂಗಳಿಗೆ 300 ಯೂರೋ ಇದೆ, ಅರ್ಜಿ ತಡವಾದರೆ ಹಿಂದಿನ ಮೂರು ತಿಂಗಳದ್ದಷ್ಟೇ ಸಿಗುತ್ತದೆ.

ಇನ್ನು ಬಹುಪಾಲು ಜನ ಕೈಬಿಡುವುದು ಪಿಂಚಣಿಯನ್ನು. ಜರ್ಮನಿಯಲ್ಲಿ ವಾಸವಿದ್ದು ಮಗು ಬೆಳೆಸಿದರೆ ಮಗುವಿನ ಮೊದಲ ಮೂರು ವರ್ಷ ಬೆಳೆಸಿದವರ ಪಿಂಚಣಿ ಖಾತೆಗೆ ದುಡಿದ ಕಾಲದಂತೆಯೇ ಜಮಾ ಆಗುತ್ತದೆ, ಕಂತು ಸರಕಾರದ್ದು. ಮಗು ಒಂದು ವರ್ಷದ್ದಿದ್ದಾಗ ಬಂದರೆ ಉಳಿದ ಎರಡು ವರ್ಷ ಸಿಗುತ್ತದೆ. ಮುದಿವಯಸ್ಸಿನ ಪಿಂಚಣಿಗೆ ಒಟ್ಟು ಐದು ವರ್ಷ ಬೇಕು; ಇಬ್ಬರು ಮಕ್ಕಳು ಅಲ್ಲಿಯೇ ಹುಟ್ಟಿ ಬೆಳೆದರೆ ಒಂದು ದಿನ ಆಫೀಸಿಗೆ ಹೋಗದಿದ್ದರೂ ಆರು ವರ್ಷವಾಯಿತು. ಇದು ತಾನಾಗಿ ದಾಖಲಾಗುವುದಿಲ್ಲ. ಪಿಂಚಣಿ ವಿಮಾ ಸಂಸ್ಥೆಗೆ ವಿ 0800 ನಮೂನೆ ತುಂಬಿ ಕಳಿಸಬೇಕು.

ಜೊತೆಗೆ ನಮ್ಮಿಂದ ಬೇರೆಯವರಿಗಾದ ನಷ್ಟ ತುಂಬಿಕೊಡುವ ಹಾಫ್ಟ್‌ಫ್ಲಿಖ್ಟ್ ವಿಮೆ ಕುಟುಂಬಕ್ಕೊಂದು ಮಾಡಿಸಿ. ಮಗುವಿನ ಸೈಕಲ್ ಪಕ್ಕದ ಕಾರನ್ನು ಗೀಚಿದರೆ ಕೈಹಿಡಿಯುವುದು ಇದೇ. 7 ವರ್ಷದೊಳಗಿನ ಮಕ್ಕಳಿಗೆ ಕಾನೂನಿನ ಹೊಣೆ ಇಲ್ಲ, ಆದರೂ ನೆರೆಯವರ ಸಂಬಂಧ ಕೆಡಬಾರದು ಎಂದರೆ ಅಂಥ ನಷ್ಟವನ್ನೂ ತುಂಬಿಕೊಡುವ ಪಾಲಿಸಿಯನ್ನೇ ಆರಿಸಿ.

ಮಕ್ಕಳ ಡಾಕ್ಟರು

ಕಾಯಿಲೆ ಬರುವ ತನಕ ಕಾಯಬೇಡಿ. ಹೊಸ ಮಕ್ಕಳನ್ನು ತೆಗೆದುಕೊಳ್ಳುವುದಿಲ್ಲ ಎನ್ನುವ ಕ್ಲಿನಿಕ್ಕುಗಳೇ ಹೆಚ್ಚು, ಆದ್ದರಿಂದ ಬಂದ ವಾರವೇ ಹತ್ತಿರದವುಗಳಿಗೆಲ್ಲ ಹೋಗಿ ಮುಖತಃ ಕೇಳಿ. ಫೋನಿಗಿಂತ ಎದುರಿಗೆ ಕೂಸನ್ನು ಎತ್ತಿಕೊಂಡು ನಿಂತವರಿಗೆ ಇಲ್ಲ ಎನ್ನುವುದು ಕಷ್ಟ. ‘ಯು ತಪಾಸಣೆ’ ಮಾಡಿಸಬೇಕು ಎಂದು ಹೇಳಿ; ಹುಟ್ಟಿನಿಂದ ಐದು ವರ್ಷದವರೆಗೆ ಯು1ರಿಂದ ಯು9ರ ತನಕ ಕಾಲಕಾಲಕ್ಕೆ ನಡೆಯುವ ಪರೀಕ್ಷೆಗಳಿವು, ಅವಕ್ಕೊಂದು ಹಳದಿ ಪುಸ್ತಕ ಕೊಡುತ್ತಾರೆ. ಶಿಶುವಿಹಾರದವರು ಅದನ್ನೂ ಕೇಳುತ್ತಾರೆ.

ಜ್ವರ ಬಂದ ಬೆಳಗ್ಗೆ ಕ್ಲಿನಿಕ್ ತೆರೆದ ಕೂಡಲೇ ಫೋನ್ ಮಾಡಿ. ಸ್ವಾಗತದವರು ಕೇಳುವುದು ಇದೇ ಕ್ರಮದಲ್ಲಿ: ಮಗುವಿನ ಸರ್‌ನೇಮ್ ಅಕ್ಷರ ಬಿಡಿಸಿ, ಹುಟ್ಟಿದ ತಾರೀಖು, ಏನಾಗಿದೆ, ಎಂದಿನಿಂದ. ‘ಮೈನ್ ಕಿಂಡ್ ಹಾಟ್ ಜೈಟ್ ಗೆಸ್ಟರ್ನ್ ಫೀಬರ್’ ಎಂದರೆ ಮಗುವಿಗೆ ನಿನ್ನೆಯಿಂದ ಜ್ವರ. ಅಂಕಿಯನ್ನು ಸೆಲ್ಸಿಯಸ್‌ನಲ್ಲಿ ಹೇಳಿ. ನಮ್ಮ ಮನೆಯ ಥರ್ಮಾಮೀಟರ್ ಫ್ಯಾರನ್‌ಹೀಟ್ ತೋರಿಸುತ್ತದೆ, ನೂರಾಒಂದು ಎಂದರೆ ಆ ಕಡೆಯವರು ಬೆಚ್ಚಿಬೀಳುತ್ತಾರೆ. 38.5 ಎಂದರೆ ನಮ್ಮ 101.3, 40 ಎಂದರೆ 104. ಮೂರು ತಿಂಗಳೊಳಗಿನ ಕೂಸಿಗೆ 38 ದಾಟಿದರೆ ಕಾಯದೆ ತೋರಿಸಬೇಕು. ದೊಡ್ಡ ಮಕ್ಕಳ ಮಾಮೂಲಿ ನೆಗಡಿ-ಜ್ವರಕ್ಕೆ ಆ್ಯಂಟಿಬಯಾಟಿಕ್ ಬರೆದುಕೊಡುತ್ತಾರೆ ಎಂಬ ನಿರೀಕ್ಷೆ ಬೇಡ. ನೀರು, ವಿಶ್ರಾಂತಿ, ಹೆಚ್ಚೆಂದರೆ ಪ್ಯಾರಸಿಟಮಾಲ್. ಅದೂ ಅಪೋಥೆಕೆ ಎಂಬ ಔಷಧಿ ಅಂಗಡಿಯಲ್ಲಷ್ಟೇ ಸಿಗುತ್ತದೆ, ಸೂಪರ್ ಮಾರ್ಕೆಟ್ಟಿನಲ್ಲಿ ಇಲ್ಲ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುವುದರಿಂದ ಒಂದು ಬಾಟಲಿ ಮನೆಯಲ್ಲಿರಲಿ. ರಾತ್ರಿ ಮತ್ತು ರಜೆಯಲ್ಲಿ ಡಾಕ್ಟರ ಸಲಹೆಗೆ 116117, ಜೀವಕ್ಕೆ ಅಪಾಯವಿದ್ದರೆ 112.

ಕೀಟಾ, ಅಂದರೆ ಶಿಶುವಿಹಾರ

ಮನೆಯಲ್ಲೇ ಇರುವವರಿಗೆ ಇದೇಕೆ ಎನ್ನಬೇಡಿ. ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ 2013ರ ಆಗಸ್ಟ್ 1ರಿಂದ ಜಾಗದ ಕಾನೂನುಬದ್ಧ ಹಕ್ಕಿದೆ, ಅಪ್ಪ-ಅಮ್ಮ ಇಬ್ಬರೂ ದುಡಿಯುತ್ತಿರಬೇಕೆಂದಿಲ್ಲ. ಮಗುವಿಗೆ ಜರ್ಮನ್ ಬರುವುದೇ ಇಲ್ಲಿಂದ, ನಿಮಗೆ ಭಾಷೆ ಕಲಿಯಲು ಬಿಡುವು ಸಿಗುವುದೂ ಇಲ್ಲಿಂದ. ಹಕ್ಕು ಕಾಗದದಲ್ಲಿದ್ದರೂ ಜಾಗ ಹುಡುಕುವುದು ನಿಮ್ಮದೇ ತಲೆನೋವು. ಬರ್ಲಿನ್‌ನಲ್ಲಿ ಮೊದಲು ಕೀಟಾ-ಗೂಟ್‌ಶೈನ್ ಎಂಬ ಚೀಟಿ ಪಡೆಯಬೇಕು, ಮ್ಯೂನಿಕ್‌ನಲ್ಲಿ ನಗರದ ಜಾಲತಾಣದಲ್ಲಿ ಹೆಸರು ಹಾಕಬೇಕು. ಶುಲ್ಕ ಒಂದೊಂದು ರಾಜ್ಯದಲ್ಲಿ ಒಂದೊಂದು ರೀತಿ.

ಜಾಗ ಸಿಕ್ಕ ಮೇಲೆ ಐನ್‌ಗೆವೋನುಂಗ್ ಎಂಬ ಒಗ್ಗಿಸುವ ಹಂತ ಇದೆ. ಮೊದಲ ಮೂರು ದಿನ ನೀವೂ ಒಳಗೇ ಮೂಲೆಯಲ್ಲಿ ಕೂತಿರಬೇಕು, ಒಂದು ಗಂಟೆಯಷ್ಟು. ನಾಲ್ಕನೆಯ ದಿನ ಮಗುವಿಗೆ ಹೇಳಿ, ಕೆಲವು ನಿಮಿಷ ಹೊರಗೆ. ಅತ್ತು ಸಮಾಧಾನವಾಗದಿದ್ದರೆ ಮತ್ತೆ ಎರಡು ಹೆಜ್ಜೆ ಹಿಂದೆ. ಎರಡರಿಂದ ನಾಲ್ಕು ವಾರ ಇದಕ್ಕೇ ಹಿಡಿಯುತ್ತದೆ. ಬಿಟ್ಟು ಓಡಿಬರುವ ನಮ್ಮ ನರ್ಸರಿ ಪದ್ಧತಿ ಅಲ್ಲಿ ಇಲ್ಲ, ಆ ದಿನಗಳಲ್ಲಿ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ಮಗು ಮನೆಯಲ್ಲಿ ಕನ್ನಡವನ್ನೇ ಆಡಲಿ. ಕೀಟಾದವರಿಗೆ ಹತ್ತು ಕನ್ನಡ ಮಾತು ಕಾಗದದಲ್ಲಿ ಬರೆದುಕೊಡಿ: ನೀರು, ಹಸಿವು, ಸೂಸು, ನೋವು, ನಿದ್ದೆ. ಹೇಗೆ ಉಚ್ಚರಿಸಬೇಕೆಂದು ಜರ್ಮನ್ ಅಕ್ಷರದಲ್ಲೂ ಬರೆಯಿರಿ. ಇದು ಮೊದಲ ತಿಂಗಳ ಅಳುವನ್ನು ಎಷ್ಟೋ ತಗ್ಗಿಸುತ್ತದೆ.

ಅಡುಗೆಮನೆ, ಆವಿ, ಬೂಷ್ಟು

ಕರೆಂಟು ಅಲ್ಲಿಯೂ 230 ವೋಲ್ಟ್, 50 ಹರ್ಟ್ಸ್. ಮಿಕ್ಸಿ, ಗ್ರೈಂಡರ್ ಹಾಗೆಯೇ ಓಡುತ್ತವೆ, ಟ್ರಾನ್ಸ್‌ಫಾರ್ಮರ್ ಬೇಡ. ಪ್ಲಗ್ ಮಾತ್ರ ಹೊಂದುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಸಿಗುವ ಅಗ್ಗದ ಅಡಾಪ್ಟರುಗಳಲ್ಲಿ ಅನೇಕಕ್ಕೆ ಅರ್ತಿಂಗ್ ಇರುವುದಿಲ್ಲ. ಫೋನ್ ಚಾರ್ಜರಿಗೆ ಸರಿ, ನೀರು ಮುಟ್ಟುವ ಲೋಹದ ಗ್ರೈಂಡರಿಗೆ ಅಪಾಯ. ಎಲೆಕ್ಟ್ರಿಷಿಯನ್ ಹತ್ತಿರ ತಂತಿಗೆ ಜರ್ಮನ್ ಪ್ಲಗ್ಗನ್ನೇ ಹಾಕಿಸಿ. ಒಲೆ ಇಂಡಕ್ಷನ್ನೋ ಬರೀ ಗಾಜಿನದೋ ಮೊದಲು ತಿಳಿದುಕೊಳ್ಳಿ. ಇಂಡಕ್ಷನ್ನಿಗೆ ಅಲ್ಯುಮಿನಿಯಂ ಕುಕ್ಕರ್ ಆಗದು: ತಳಕ್ಕೆ ಫ್ರಿಡ್ಜ್ ಮ್ಯಾಗ್ನೆಟ್ ಅಂಟಿದರೆ ಒಯ್ಯಿರಿ, ಜಾರಿದರೆ ಬಿಟ್ಟುಬಿಡಿ. ಎಷ್ಟೋ ಬಾಡಿಗೆ ಮನೆಗಳಲ್ಲಿ ಅಡುಗೆಮನೆ ಎಂದರೆ ನಾಲ್ಕು ಗೋಡೆ ಮತ್ತು ನಲ್ಲಿ ಪೈಪು ಮಾತ್ರ. ಕರಾರಿನಲ್ಲಿ ‘ಐನ್‌ಬೌಕ್ಯುಖೆ’ ಎಂದಿದ್ದರೆ ಕಪಾಟು, ಸಿಂಕು, ಒಲೆ ಇವೆ ಎಂದರ್ಥ.

ಇಡ್ಲಿ ಹಿಟ್ಟು ಹುದುಗಲು 26ರಿಂದ 30 ಡಿಗ್ರಿ ಬೇಕು, ಚಳಿಗಾಲದ ಮನೆ 20 ಡಿಗ್ರಿ. ಪಾತ್ರೆಯನ್ನು ಓವನ್ನಿನೊಳಗಿಟ್ಟು ದೀಪ ಮಾತ್ರ ಹಾಕಿ ಬಾಗಿಲು ಮುಚ್ಚಿದರೆ 12ರಿಂದ 14 ಗಂಟೆಯಲ್ಲಿ ಉಬ್ಬುತ್ತದೆ. ಹೊಸ ಓವನ್ನುಗಳ ಎಲ್‌ಇಡಿ ದೀಪ ಕಾವು ಕೊಡುವುದಿಲ್ಲ. ಅಂಥದ್ದಾದರೆ ಅತಿ ಕಡಿಮೆ ಶಾಖದಲ್ಲಿ ಐದು ನಿಮಿಷ ಬಿಸಿಮಾಡಿ, ಆರಿಸಿ, ಆಮೇಲೆ ಪಾತ್ರೆ ಇಡಿ. ಕೆಳಗೊಂದು ತಟ್ಟೆ ಇರಲಿ, ಉಕ್ಕಿದರೆ ಓವನ್ ತೊಳೆಯುವ ಕಷ್ಟ ಯಾರಿಗೂ ಬೇಡ. ಮೊಸರಿಗೆ 3.5 ಶೇಕಡ ಕೊಬ್ಬಿನ ಹಾಲು, ಹೆಪ್ಪಿಗೆ ‘ನಾಟೂರ್‌ಯೋಗುರ್ಟ್’ ಎಂಬ ಸಾದಾ ಮೊಸರು. ಪಕ್ಕದಲ್ಲೇ ಇರುವ ‘ಕ್ವಾರ್ಕ್’ ಮೊಸರಲ್ಲ.

ಬಾಡಿಗೆ ಮನೆಯಲ್ಲಿ ನಮ್ಮವರು ದುಡ್ಡು ಕಳೆದುಕೊಳ್ಳುವುದು ಬೂಷ್ಟಿನಿಂದ. ಅಲ್ಲಿನ ಮನೆಗಳು ಗಾಳಿ ಆಡದಂತೆ ಬಿಗಿ. ಕುಕ್ಕರ್ ಸೀಟಿ, ಅನ್ನ-ಸಾರಿನ ಆವಿ, ಒಳಗೇ ಒಣಹಾಕಿದ ಬಟ್ಟೆ, ಮಗುವಿನ ಬಿಸಿನೀರ ಸ್ನಾನ, ಎಲ್ಲ ನೀರೂ ತಣ್ಣನೆಯ ಹೊರಗೋಡೆಗೆ ಹೋಗಿ ಕೂರುತ್ತದೆ. ಒಲೆಯ ಮೇಲಿನ ಚಿಮಣಿ ಅನೇಕ ಮನೆಗಳಲ್ಲಿ ಹೊಗೆಯನ್ನು ಸೋಸಿ ಒಳಗೇ ಬಿಡುತ್ತದೆ, ಆವಿಯನ್ನು ಹೊರಹಾಕುವುದಿಲ್ಲ. ದಿನಕ್ಕೆ ಮೂರು-ನಾಲ್ಕು ಸಲ ಹೀಟರ್ ತಗ್ಗಿಸಿ, ಎದುರುಬದುರಿನ ಕಿಟಕಿಗಳನ್ನು ಪೂರ್ತಿ ತೆರೆದು 5ರಿಂದ 10 ನಿಮಿಷ ಬಿಡಿ. ಅಡುಗೆ ಮತ್ತು ಸ್ನಾನ ಮುಗಿದ ಕೂಡಲೇ ಒಮ್ಮೆ. ಕಿಟಕಿಯನ್ನು ಮೇಲಿಂದ ಸ್ವಲ್ಪ ವಾಲಿಸಿ ದಿನವಿಡೀ ಇಡುವುದು ತಪ್ಪು: ಗಾಳಿ ಬದಲಾಗುವುದಿಲ್ಲ, ಗೋಡೆ ತಣ್ಣಗಾಗಿ ಅಲ್ಲೇ ಬೂಷ್ಟು ಹಿಡಿಯುತ್ತದೆ. ಕಪಾಟು-ಮಂಚ ಹೊರಗೋಡೆಯಿಂದ ನಾಲ್ಕು ಬೆರಳಾದರೂ ದೂರ ಇರಲಿ. ತೇವಮಾಪಕ ಒಂದು ತಂದಿಟ್ಟು 60 ಶೇಕಡ ದಾಟದಂತೆ ನೋಡಿಕೊಳ್ಳಿ. ಠೇವಣಿ ಮೂರು ತಿಂಗಳ ಮೂಲ ಬಾಡಿಗೆಯಷ್ಟಿರಬಹುದು, ಬೂಷ್ಟಿನ ಖರ್ಚನ್ನು ಮಾಲೀಕರು ಅದರಿಂದಲೇ ಕಳೆಯಲು ನೋಡುವುದು.

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮತ್ತು ಭಾನುವಾರ ಪೂರ್ತಿ ಸದ್ದಿಲ್ಲದ ಹೊತ್ತು. ಮಗು ಅತ್ತರೆ ಯಾರೂ ಕಾನೂನು ಹಿಡಿಯುವಂತಿಲ್ಲ, ಬೆಳಗ್ಗೆ 5:30ಕ್ಕೆ ಚಟ್ನಿ ರುಬ್ಬಿದರೆ ಹಿಡಿಯಬಹುದು. ಗಾಜಿನ ಬಾಟಲಿಗಳನ್ನು ಬೀದಿಯ ಡಬ್ಬಿಗೆ ಹಾಕುವುದೂ ಭಾನುವಾರ ನಿಷಿದ್ಧ.

ಹಗಲು ಕಳೆಯುವುದು

ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲೆ. ಮಳೆ ನಿಲ್ಲಲಿ ಎಂದು ಕಾದರೆ ವಾರಗಟ್ಟಲೆ ಬಾಗಿಲು ದಾಟುವುದಿಲ್ಲ. ಬೆಳಗ್ಗೆ ಹತ್ತಕ್ಕೆ ಹೊರಗೆ ಎಂಬ ನಿಯಮ ಇಟ್ಟುಕೊಳ್ಳಿ, ಹವೆ ಹೇಗೇ ಇರಲಿ. ಮಗುವಿಗೆ ಹತ್ತಿಯ ಒಳಂಗಿ, ಅದರ ಮೇಲೆ ಫ್ಲೀಸ್, ಮೇಲೆ ನೀರು ಒಳಗಿಳಿಯದ ಮಾಟ್ಶ್‌ಹೋಸೆ ಎಂಬ ಕೆಸರು ಪ್ಯಾಂಟು, ರಬ್ಬರ್ ಬೂಟು. ಬೆಂಗಳೂರಿನಲ್ಲಿ ಕೊಂಡ ಸ್ವೆಟರು ನೀರು ಕುಡಿದು ಭಾರವಾಗುತ್ತದೆ. ಅಕ್ಟೋಬರಿನ ಫ್ಲೋಮಾರ್ಕ್ಟ್ ಎಂಬ ಹಳೆ ಸಾಮಾನಿನ ಸಂತೆಗಳಲ್ಲಿ, ಕ್ಲೈನ್‌ಆನ್‌ತ್ಸೈಗನ್ ಜಾಲತಾಣದಲ್ಲಿ ಬಳಸಿದ ಬಟ್ಟೆ ಅಗ್ಗಕ್ಕೆ ಸಿಗುತ್ತವೆ, ಮಕ್ಕಳ ಬಟ್ಟೆ ಬಳಸಿದ್ದು ಕೊಳ್ಳುವುದು ಅಲ್ಲಿ ಕೀಳಲ್ಲ. ದಪ್ಪ ಜಾಕೆಟ್ ಹಾಕಿ ಕಾರ್ ಸೀಟಿನಲ್ಲಿ ಕೂರಿಸಬೇಡಿ. ಬೆಲ್ಟು ಮೈಗೆ ಬಿಗಿಯಾಗದೆ ಸಡಿಲ ಉಳಿಯುತ್ತದೆ.

ಮಳೆ-ಚಳಿಯ ದಿನಗಳಿಗೆ ನಗರ ಗ್ರಂಥಾಲಯ, ಕುಟುಂಬ ಕೇಂದ್ರಗಳ ಅಂಬೆಗಾಲಿನ ಗುಂಪು, ವ್ಯಾಯಾಮ ಸಂಘಗಳ ‘ಎಲ್ಟರ್ನ್-ಕಿಂಡ್-ಟುರ್ನೆನ್’ (ಅಪ್ಪ-ಅಮ್ಮ ಮತ್ತು ಮಗು ಜೊತೆಗೆ ಮಾಡುವ ವ್ಯಾಯಾಮ) ಇವೆ. ಕೊನೆಯದಕ್ಕೆ ಮೊದಲ ಆದ್ಯತೆ ಕೊಡಿ. ವಾರವೂ ಅದೇ ಮುಖಗಳು, ಮಾತು ಬರದಿದ್ದರೂ ಮಗುವಿನ ಹಿಂದೆ ಓಡುತ್ತ ಪರಿಚಯ ಬೆಳೆಯುತ್ತದೆ. ಭಾಷೆಗೆ ಫೋಲ್ಕ್ಸ್‌ಹೋಖ್‌ಶೂಲೆ ಎಂಬ ವಯಸ್ಕರ ಶಿಕ್ಷಣ ಕೇಂದ್ರದ ಸಂಜೆ ತರಗತಿ. ಆ ಎರಡು ಸಂಜೆ ಕೆಲಸಕ್ಕೆ ಹೋಗುವವರು ಮಗು ನೋಡಿಕೊಳ್ಳಲಿ, ಇದನ್ನು ಮೊದಲೇ ಕ್ಯಾಲೆಂಡರಿನಲ್ಲಿ ಬರೆಸಿ. ಕನ್ನಡಕ್ಕೆ ಮ್ಯೂನಿಕ್‌ನಲ್ಲಿ ಸಿರಿಗನ್ನಡಕೂಟ, ಫ್ರಾಂಕ್‌ಫರ್ಟ್ ಸುತ್ತ ರೈನ್ ಮೈನ್ ಕನ್ನಡ ಸಂಘ. ಯುಗಾದಿ, ರಾಜ್ಯೋತ್ಸವಕ್ಕೆ ಕಾಯದೆ ಮೊದಲೇ ಸಂಪರ್ಕಿಸಿ. ಕೀಟಾ, ಡಾಕ್ಟರು, ಬಾಡಿಗೆ ಮನೆ ಇವುಗಳ ನಿಜ ಸುದ್ದಿ ಬರುವುದು ಅಂಥ ಬಳಗದಿಂದಲೇ.

ಕಾರು ಓಡಿಸುವವರು ಗಮನಿಸಿ: ಕರ್ನಾಟಕದ ಲೈಸೆನ್ಸ್ ವಾಸ ಶುರುವಾದ ದಿನದಿಂದ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಬರಹದ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡೂ ಕೊಡಬೇಕು. ಬರಹದ್ದನ್ನು ಇಂಗ್ಲಿಷಿನಲ್ಲಿ ಬರೆಯಬಹುದು.

ನೀವೇ ಹಾಸಿಗೆ ಹಿಡಿದರೆ

ಊರಿನಲ್ಲಾದರೆ ಅಮ್ಮನೋ ಅತ್ತೆಯೋ ಬರುತ್ತಿದ್ದರು. ಅಲ್ಲಿ ಅದಕ್ಕೆ ‘ಹೌಸ್‌ಹಾಲ್ಟ್ಸ್‌ಹಿಲ್ಫೆ’ ಇದೆ: ಮಗು ನೋಡಿಕೊಳ್ಳುವವರು ಆಸ್ಪತ್ರೆ ಸೇರಿದರೆ ಅಥವಾ ತೀವ್ರ ಕಾಯಿಲೆ ಬಿದ್ದರೆ, ಮನೆಯಲ್ಲಿ 12 ವರ್ಷದೊಳಗಿನ ಮಗು ಇದ್ದು ಬೇರೆ ಯಾರೂ ಮನೆ ನಡೆಸುವಂತಿಲ್ಲದಿದ್ದರೆ, ಸಾರ್ವಜನಿಕ ವಿಮೆ ಸಹಾಯಕಿಯನ್ನು ಕಳಿಸುತ್ತದೆ ಅಥವಾ ಅದರ ಖರ್ಚು ಕೊಡುತ್ತದೆ. ದಿನಕ್ಕೆ 5ರಿಂದ 10 ಯೂರೋ ನಿಮ್ಮ ಪಾಲು. ಡಾಕ್ಟರು ಕಾರಣವನ್ನೂ, ದಿನಕ್ಕೆ ಎಷ್ಟು ಗಂಟೆ ಎಂಬುದನ್ನೂ ಬರೆದುಕೊಡಬೇಕು, ಅರ್ಜಿ ಸಹಾಯ ಶುರುವಾಗುವ ಮುಂಚೆಯೇ ಹೋಗಬೇಕು. ಊರಿನಿಂದ ಅಮ್ಮನನ್ನು ಕರೆಸುವುದಾದರೂ ಮೊದಲು ವಿಮೆಯವರಿಗೆ ಫೋನ್ ಮಾಡಿ: ಹತ್ತಿರದ ಸಂಬಂಧಿಕರಿಗೆ ಕೂಲಿ ಕೊಡುವುದಿಲ್ಲ, ಪ್ರಯಾಣದ ಖರ್ಚು ಮತ್ತು ಕೆಲಸ ಬಿಟ್ಟು ಬಂದದ್ದಕ್ಕೆ ಕಳೆದ ಸಂಬಳದ ಬಗ್ಗೆ ಮಾತ್ರ ಕೇಳಬಹುದು.